ಪೆನ್ಸಿಲಿನ ತುದಿ ಸ್ಲೈಡಿನೊಳಗೆ ಇಳಿದಾಗ

ಬಿ.ಎಸ್ಸಿ. ಓದುವಾಗ ಸೂರ್ಯಕಾಂತಿ ಕಾಂಡದ ಅಡ್ಡಸೀಳನ್ನು ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಸ್ಲೈಡಿನಲ್ಲಿದ್ದ ಕಾಂಡವನ್ನು ಮಾತ್ರ ಒಮ್ಮೆಯೂ ಬರೆಯಲಿಲ್ಲ. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಕೆಂಪು ಬಣ್ಣ ಹಿಡಿದದ್ದೇನೋ ಕಂಡಿತು ಎಂದು ಸಮಾಧಾನಪಟ್ಟು, ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕವನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳುತ್ತಿದ್ದೆವು. ಅದರಲ್ಲಿದ್ದಂತೆ ಒಂದು ದುಂಡು ಗೆರೆ, ಅದರೊಳಗೆ ಒಂದೇ ಅಳತೆಯ ವ್ಯಾಸ್ಕ್ಯುಲರ್ ಬಂಡಲ್‌ಗಳು, ಎಂದರೆ ನಾಳಗಳ ಕಟ್ಟುಗಳು, ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ. ಹಿಂದಿನವರು ಅವರ ಹಿಂದಿನವರನ್ನು ನೋಡಿ ಬರೆದಿದ್ದರು. ಮೇಷ್ಟರು ಟಿಕ್ ಹಾಕುತ್ತಿದ್ದರು, ಅಂಕಗಳೂ ಬರುತ್ತಿದ್ದವು.

ಎಂ.ಎಸ್ಸಿ.ಗೆ ಬಂದ ಮೇಲೆ ಲ್ಯಾಬಿನ ಬೀರುವಿನಿಂದ ಒಂದು ಮರದ ಪೆಟ್ಟಿಗೆ ಹೊರಬಂತು. ಅಂಬಾಲದಲ್ಲಿ ತಯಾರಾದ ಹಿತ್ತಾಳೆಯ ಉಪಕರಣ. ಮೈಕ್ರೋಸ್ಕೋಪಿನ ಕೊಳವೆಗೆ ಬಿಗಿಯುವ ಒಂದು ಬಳೆ, ಬಳೆಯ ಮೇಲೆ ಬೆರಳತುದಿಯಷ್ಟು ಗಾಜು, ಪಕ್ಕಕ್ಕೆ ಚಾಚಿದ ತೋಳಿನ ತುದಿಯಲ್ಲಿ ಒಂದು ಕನ್ನಡಿ. ಹೆಸರು ಕ್ಯಾಮೆರಾ ಲೂಸಿಡಾ. ಅದನ್ನು ಕೂರಿಸಿಕೊಟ್ಟ ಪ್ರಾಧ್ಯಾಪಕರು, "ಮೊದಲು ಎರಡೂ ಬೆಳಕು ಸಮ ಮಾಡ್ಕೊ, ಆಮೇಲೆ ಪೆನ್ಸಿಲ್ ಹಿಡಿ" ಎಂದಷ್ಟೇ ಹೇಳಿ ಹೋದರು. ಅರ್ಧ ಗಂಟೆ ಒದ್ದಾಡಿದ ಮೇಲೆ ಒಂದು ಕ್ಷಣದಲ್ಲಿ ಅದು ಕೂಡಿಬಂತು. ಕಾಂಡದ ಜೀವಕೋಶಗಳ ನಡುವೆ ನನ್ನದೇ ಪೆನ್ಸಿಲಿನ ಮೊನೆ, ಒಂದು ಕಂಬದಷ್ಟು ದಪ್ಪಗೆ, ನಡೆದಾಡುತ್ತಿತ್ತು. ಅಂದು ಬರೆದ ಬಂಡಲ್‌ಗಳಲ್ಲಿ ಯಾವ ಎರಡೂ ಒಂದೇ ಅಳತೆಯವಲ್ಲ. ಎರಡು ದೊಡ್ಡವುಗಳ ಮಧ್ಯೆ ಒಂದು ಚಿಕ್ಕದು ಸಿಕ್ಕಿಕೊಂಡಿತ್ತು, ಒಂದು ವಾಲಿತ್ತು. ಕಾಂಡವೇ ಪೂರ್ತಿ ದುಂಡಗಿರಲಿಲ್ಲ.

ಈ ಉಪಕರಣದ ಬಗ್ಗೆ ನನ್ನಲ್ಲಿ ಅಂದಿನಿಂದ ಇರುವ ಪ್ರೀತಿಯನ್ನು ಮುಚ್ಚಿಡುವುದಿಲ್ಲ. ಆದರೆ ಪ್ರೀತಿಯಿರುವ ಕಡೆ ಪರಿಶೀಲನೆ ಇನ್ನೂ ಗಟ್ಟಿಯಾಗಿರಬೇಕು. ಕ್ಯಾಮೆರಾ ಲೂಸಿಡಾದಿಂದ ಬರೆದ ಚಿತ್ರ ಎಂಬ ಮಾತು ಸುಮಾರು ನೂರು ವರ್ಷ ಜೀವವಿಜ್ಞಾನದಲ್ಲಿ ಒಂದು ಪ್ರಮಾಣಪತ್ರದ ಹಾಗೆ ಚಲಾವಣೆಯಲ್ಲಿತ್ತು. ಆ ಪ್ರಮಾಣಪತ್ರ ಯಾವುದಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಕಂಡದ್ದನ್ನು ಕಾಗದಕ್ಕೆ ಇಳಿಸುವ ಕಷ್ಟ ಮೈಕ್ರೋಸ್ಕೋಪಿನಷ್ಟೇ ಹಳೆಯದು. 1665ರಲ್ಲಿ 'ಮೈಕ್ರೋಗ್ರಾಫಿಯಾ' ಪ್ರಕಟಿಸಿದ ರಾಬರ್ಟ್ ಹುಕ್ ಒಂದು ಕಣ್ಣನ್ನು ಮೈಕ್ರೋಸ್ಕೋಪಿಗಿಟ್ಟು, ಇನ್ನೊಂದನ್ನು ಹೊರಗಿನ ಅಳತೆಪಟ್ಟಿಯ ಮೇಲಿಟ್ಟು, ಎರಡು ನೋಟಗಳನ್ನು ಒಂದರ ಮೇಲೊಂದು ಕೂರಿಸಿ ವಸ್ತು ಎಷ್ಟು ಪಟ್ಟು ದೊಡ್ಡದಾಗಿದೆ ಎಂದು ಅಳೆಯುತ್ತಿದ್ದ. ಎರಡು ಕಣ್ಣು ಎರಡು ಕೆಲಸ ಮಾಡಿ ಮಿದುಳಿನಲ್ಲಿ ಒಂದಾಗುವ ಈ ಉಪಾಯದಲ್ಲೇ ಮುಂದಿನ ಉಪಕರಣದ ಬೀಜವಿದೆ.

ಅದನ್ನು ಒಂದೇ ಕಣ್ಣಿಗೆ ಒಗ್ಗಿಸಿದವನು ಲಂಡನ್ನಿನ ವಿಲಿಯಂ ಹೈಡ್ ವೊಲಾಸ್ಟನ್. ಪಲ್ಲಾಡಿಯಂ, ರೋಡಿಯಂ ಎಂಬ ಎರಡು ಲೋಹಗಳನ್ನು ಕಂಡುಹಿಡಿದ ರಸಾಯನಶಾಸ್ತ್ರಜ್ಞ. ಚಿತ್ರ ಬರೆಯಲು ಮಾತ್ರ ಕೈ ಪಳಗಿರಲಿಲ್ಲ. 1806ರ ಡಿಸೆಂಬರಿನಲ್ಲಿ ಪೇಟೆಂಟ್ ಪಡೆದ ಅವನ ಉಪಕರಣದಲ್ಲಿ ಇದ್ದದ್ದು ನಾಲ್ಕು ಮುಖದ ಒಂದು ಚಿಕ್ಕ ಪಟ್ಟಕ, ಅದನ್ನು ಹಿಡಿದಿಡಲು ಒಂದು ಕಡ್ಡಿ. ಎದುರಿನ ದೃಶ್ಯದ ಬೆಳಕು ಪಟ್ಟಕದೊಳಗೆ ಎರಡು ಸಲ ಪ್ರತಿಫಲಿಸಿ ಮೇಲಕ್ಕೆ ಬರುತ್ತದೆ. ಕಣ್ಣಿನ ಪಾಪೆಯ ಅರ್ಧಭಾಗವನ್ನು ಪಟ್ಟಕದ ಅಂಚಿನ ಮೇಲೆ, ಉಳಿದರ್ಧವನ್ನು ಅಂಚಿನಾಚೆಗೆ ಇಟ್ಟರೆ ದೃಶ್ಯವೂ ಕೆಳಗಿನ ಕಾಗದವೂ ಒಟ್ಟಿಗೆ ಕಾಣುತ್ತವೆ. ಕ್ಯಾಮೆರಾ ಲೂಸಿಡಾ ಎಂದರೆ ಬೆಳಕಿನ ಕೋಣೆ. ಹೆಸರು ಹಾಗಿದ್ದರೂ ಅದರಲ್ಲಿ ಕೋಣೆ ಎಂಬುದೇ ಇಲ್ಲ. ಕಾಗದದ ಮೇಲೆ ಬಿಂಬವೂ ಬೀಳುವುದಿಲ್ಲ. ಪಕ್ಕದಲ್ಲಿ ನಿಂತವನಿಗೆ ಖಾಲಿ ಹಾಳೆಯಷ್ಟೇ ಕಾಣುತ್ತದೆ. ಚಿತ್ರವಿರುವುದು ಬರೆಯುವವನ ಕಣ್ಣಿನಲ್ಲಿ. ತಲೆ ಒಂದು ನೂಲಿನಷ್ಟು ಅಲುಗಿದರೆ ಅದು ಹೋಯಿತು.

ಈ ಉಪಕರಣ ಕೈಗೆ ಬಂದರೆ ಕಲೆ ತಾನೇ ಬರುತ್ತದೆಂದು ಆ ಕಾಲದಲ್ಲೂ ಹಲವರು ನಂಬಿದ್ದರು. ಆ ನಂಬಿಕೆಯನ್ನು ಪರೀಕ್ಷಿಸಲು ಇಬ್ಬರು ಗೆಳೆಯರ ಕತೆ ಸಾಕು. ಖಗೋಳಜ್ಞ ಜಾನ್ ಹರ್ಷೆಲ್ ಕ್ಯಾಮೆರಾ ಲೂಸಿಡಾದಿಂದ ನೂರಾರು ಭೂದೃಶ್ಯಗಳನ್ನು ಬರೆದ. ಅವುಗಳ ಗೆರೆ ಇಂದಿಗೂ ಬೆರಗು ಹುಟ್ಟಿಸುವಷ್ಟು ಸ್ಥಿರವಾಗಿದೆ. 1833ರ ಅಕ್ಟೋಬರಿನಲ್ಲಿ ಇಟಲಿಯ ಕೋಮೊ ಸರೋವರದ ದಡದಲ್ಲಿ ಅದೇ ಬಗೆಯ ಪಟ್ಟಕ ಹಿಡಿದು ಕುಳಿತ ಹೆನ್ರಿ ಫಾಕ್ಸ್ ಟಾಲ್ಬಟ್‌ಗೆ ಒಲಿದದ್ದು ನಿರಾಸೆ. ಪಟ್ಟಕದಿಂದ ಕಣ್ಣು ತೆಗೆದು ಹಾಳೆಯನ್ನು ನೋಡಿದರೆ ಬರೀ ನಡುಗುವ ಗೆರೆಗಳು. ಬೆಳಕೇ ತಾನಾಗಿ ಹಾಳೆಯ ಮೇಲೆ ನಿಲ್ಲುವಂತಾದರೆ ಹೇಗೆ ಎಂಬ ಯೋಚನೆ ಅವನಲ್ಲಿ ಹುಟ್ಟಿದ್ದು ಆ ನಿರಾಸೆಯಿಂದ. ಕಾಗದದ ಮೇಲಿನ ಛಾಯಾಚಿತ್ರ ಹುಟ್ಟಿದ್ದು ಆ ಯೋಚನೆಯಿಂದ. ಹರ್ಷೆಲ್‌ಗೆ ಬರೆಯಲು ಬರುತ್ತಿತ್ತು, ಉಪಕರಣ ಅವನ ಅಳತೆಯನ್ನು ಬಿಗಿ ಮಾಡಿತು. ಟಾಲ್ಬಟ್‌ಗೆ ಬರುತ್ತಿರಲಿಲ್ಲ, ಉಪಕರಣ ಅದನ್ನು ಕಲಿಸಿಕೊಡಲಿಲ್ಲ.

ಭೂದೃಶ್ಯಕ್ಕೆಂದು ಹುಟ್ಟಿದ ಪಟ್ಟಕ ಮೈಕ್ರೋಸ್ಕೋಪಿಗೆ ಏರಿದ ಮೇಲೆ ಹಲವು ರೂಪ ತಾಳಿತು. ಅವೆಲ್ಲ ಒಂದೇ ದರ್ಜೆಯವಲ್ಲ. ಐಪೀಸಿನ ಮೇಲೆ ಸಿಕ್ಕಿಸುವ ವೊಲಾಸ್ಟನ್ ಮಾದರಿಯ ಪಟ್ಟಕ ಕಣ್ಣಿಗೆ ಬಹಳ ಆಯಾಸ ಕೊಡುತ್ತದೆ. ಪಾಪೆಯ ಅರ್ಧವನ್ನು ಒಂದು ಅಂಚಿನ ಮೇಲೆ ತೂಗಿಟ್ಟುಕೊಂಡು ಒಂದು ಗಂಟೆ ಕೂರುವುದು ಹಗ್ಗದ ಮೇಲೆ ನಡೆದ ಹಾಗೆ. ಲಯೊನೆಲ್ ಬೀಲ್ ಎಂಬ ಇಂಗ್ಲಿಷ್ ವೈದ್ಯನ ಹೆಸರಿನಲ್ಲಿರುವ ಪ್ರತಿಫಲಕ ಇನ್ನೂ ಸರಳ. ಮೈಕ್ರೋಸ್ಕೋಪಿನ ಕೊಳವೆಯನ್ನು ಅಡ್ಡ ಮಲಗಿಸಿ, ಐಪೀಸಿನ ಮುಂದೆ 45 ಡಿಗ್ರಿ ಓರೆಯಲ್ಲಿ ಹೊಗೆಬಣ್ಣದ ಒಂದು ಗಾಜಿನ ಚೂರು ಇಟ್ಟರೆ ಆಯಿತು. ಅಗ್ಗ, ಹಗುರ, ಕೆಡುವುದೂ ಕಡಿಮೆ. ಆದರೆ ಅದರಲ್ಲಿ ಬೆಳಕು ಒಂದೇ ಸಲ ಪ್ರತಿಫಲಿಸುವುದರಿಂದ ವಸ್ತುವಿನ ಎಡಬಲ ಅದಲುಬದಲಾಗುತ್ತದೆ. ಬಲಕ್ಕೆ ಸುತ್ತುವ ಶಂಖ ಚಿತ್ರದಲ್ಲಿ ಎಡಕ್ಕೆ ಸುತ್ತುತ್ತದೆ. ಸುರುಳಿಯ ದಿಕ್ಕೇ ಜಾತಿಯ ಗುರುತಾಗಿರುವ ಜೀವಿಗಳಲ್ಲಿ ಇದು ಸಣ್ಣ ದೋಷವಲ್ಲ. ಬರೆದ ಮೇಲೆ ಹಾಳೆಯನ್ನು ಮಗುಚಿ ಹಿಂಬದಿಯಿಂದ ತಿದ್ದಿಕೊಳ್ಳಬೇಕೆಂಬ ಎಚ್ಚರ ಸದಾ ಇರಬೇಕು. ಎಚ್ಚರವನ್ನೇ ನೆಚ್ಚಿಕೊಂಡ ಉಪಕರಣ ದಣಿದ ಸಂಜೆಯಲ್ಲಿ ಕೈಕೊಡುತ್ತದೆ.

ಜರ್ಮನಿಯ ಯೇನಾದಲ್ಲಿ ಎರ್ನ್ಸ್ಟ್ ಅಬ್ಬೆ ರೂಪಿಸಿದ, 1880ರ ದಶಕದಲ್ಲಿ ಜೈಸ್ ಕಂಪನಿ ಮಾರುಕಟ್ಟೆಗೆ ತಂದ ಮಾದರಿಯೇ ಇವುಗಳಲ್ಲಿ ಮೇಲು ಎಂದು ನನ್ನ ತೀರ್ಮಾನ. ಅಬ್ಬೆ ಇಲ್ಲಿ ಮಾಡಿದ ಬದಲಾವಣೆ ಚಿಕ್ಕದು, ಅದರ ಫಲ ದೊಡ್ಡದು. ಎರಡು ಪಟ್ಟಕಗಳನ್ನು ಅಂಟಿಸಿ ಒಂದು ಪುಟ್ಟ ಘನ ಮಾಡಿದ. ಅಂಟಿನ ಮುಖಕ್ಕೆ ಬೆಳ್ಳಿ ಲೇಪಿಸಿ ನಟ್ಟನಡುವೆ ಒಂದು ಸಣ್ಣ ಕಿಂಡಿ ಬಿಟ್ಟ. ಮೈಕ್ರೋಸ್ಕೋಪಿನ ಬಿಂಬ ಆ ಕಿಂಡಿಯೊಳಗಿಂದ ನೇರ ಕಣ್ಣಿಗೆ ಬರುತ್ತದೆ. ಕಾಗದದ ನೋಟ ಪಕ್ಕದ ಕನ್ನಡಿಗೆ ಬಡಿದು, ಕಿಂಡಿಯ ಸುತ್ತಲಿನ ಬೆಳ್ಳಿಗೆ ಬಡಿದು ಬರುತ್ತದೆ. ಕಿಂಡಿಗಿಂತ ಪಾಪೆ ದೊಡ್ಡದಾದ್ದರಿಂದ ಎರಡೂ ಒಟ್ಟಿಗೆ ಒಳಹೊಗುತ್ತವೆ. ವೊಲಾಸ್ಟನ್‌ನಲ್ಲಿ ಬಳಸುದಾರಿ ಹಿಡಿಯುವುದು ನೋಡಬೇಕಾದ ವಸ್ತು. ಅಬ್ಬೆಯಲ್ಲಿ ಬಳಸುದಾರಿ ಹಿಡಿಯುವುದು ಕಾಗದ. ಬಹಳ ಕಷ್ಟಪಟ್ಟು ತಿದ್ದಿದ ಲೆನ್ಸುಗಳಿಂದ ಬಂದ ಬೆಳಕನ್ನು ಯಾವ ಅಡ್ಡಿಯೂ ಇಲ್ಲದೆ ಕಣ್ಣಿಗೆ ಬಿಡಬೇಕು, ತೊಂದರೆಯೇನಿದ್ದರೂ ಕಾಗದದ ಪಾಲಿಗಿರಲಿ ಎಂಬ ವಿವೇಕ ಇದರಲ್ಲಿದೆ. ಕಾಗದದ ಬೆಳಕು ಎರಡು ಸಲ ಪ್ರತಿಫಲಿಸುವುದರಿಂದ ಎಡಬಲದ ತಾಪತ್ರಯವೂ ಇಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ಬಂದ ಡ್ರಾಯಿಂಗ್ ಟ್ಯೂಬ್ ಕಾಗದದ ನೋಟವನ್ನು ಮೈಕ್ರೋಸ್ಕೋಪಿನ ಮೈಯೊಳಗೇ ಬೆರೆಸಿಬಿಡುತ್ತದೆ. ಎರಡೂ ಕಣ್ಣು ತೆರೆದು ಆರಾಮವಾಗಿ ಕೂರಬಹುದು, ಕನ್ನಡಕ ತೆಗೆಯಬೇಕಿಲ್ಲ, ಕತ್ತು ಹಿಡಿಯುವುದಿಲ್ಲ. ದಿನಕ್ಕೆ ಆರು ಗಂಟೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಅಬ್ಬೆಯ ಕಿಂಡಿಗೆ ಕಣ್ಣನ್ನು ಕಟ್ಟಿಹಾಕಿಕೊಂಡು ಕತ್ತು ನೋಯಿಸಿಕೊಂಡವರೆಲ್ಲ ಇದನ್ನು ಒಪ್ಪುತ್ತಾರೆ. ಬೆಲೆಯೊಂದೇ ಅಡ್ಡಿ. ನಮ್ಮ ಕಾಲೇಜುಗಳಿಗೆ ಅದು ಎಟುಕಿದ್ದು ಬಹಳ ಕಡಿಮೆ.

ಇನ್ನು ಪ್ರಾಧ್ಯಾಪಕರು ಹೇಳಿದ ಆ ಬೆಳಕಿನ ಮಾತು. ಇಡೀ ಕಸುಬು ನಿಂತಿರುವುದು ಅದರ ಮೇಲೆ. ಸ್ಲೈಡಿನ ಬೆಳಕು ಜಾಸ್ತಿಯಾದರೆ ಪೆನ್ಸಿಲಿನ ಮೊನೆ ಮಾಯ. ಕಾಗದದ ಬೆಳಕು ಜಾಸ್ತಿಯಾದರೆ ವಸ್ತು ಮಾಯ. ಎರಡರ ನಡುವೆ ಒಂದು ಸಣ್ಣ ಪಟ್ಟಿಯಷ್ಟು ಜಾಗದಲ್ಲಿ ಮಾತ್ರ ಎರಡೂ ಕಾಣುತ್ತವೆ. ಅಬ್ಬೆಯ ಉಪಕರಣದ ಜೊತೆ ಬೇರೆ ಬೇರೆ ಗಾಢತೆಯ ಹೊಗೆಗಾಜುಗಳು ಬರುತ್ತವೆ. ನಮ್ಮ ಲ್ಯಾಬಿನ ಪೆಟ್ಟಿಗೆಯಲ್ಲಿ ಅವು ಒಡೆದುಹೋಗಿದ್ದವು. ಯಾರೋ ಹಿರಿಯರು ಹಳೆಯ ಎಕ್ಸ್‌ರೇ ಫಿಲ್ಮಿನ ಕಪ್ಪು ಭಾಗವನ್ನು ದುಂಡಗೆ ಕತ್ತರಿಸಿ ಕೂರಿಸಿದ್ದರು, ಅದು ಚೆನ್ನಾಗಿಯೇ ಕೆಲಸ ಮಾಡುತ್ತಿತ್ತು. ಕಿಟಕಿಯ ಪಕ್ಕ ಕುಳಿತರೆ ಮೋಡ ಬಂದಾಗ, ಸರಿದಾಗ ಎಲ್ಲ ಹೊಸದಾಗಿ ಹೊಂದಿಸಬೇಕು. ಹಾಗಾಗಿ ಮೂಲೆಯ ಮೇಜು, ಎರಡು ದೀಪ, 4ಎಚ್ ಪೆನ್ಸಿಲ್, ಆಗಾಗ ಮೊನೆ ಚೂಪು ಮಾಡಲು ಮರಳುಕಾಗದ.

ಅಳತೆಯೂ ಅಷ್ಟೇ ಮುಖ್ಯ. ವಸ್ತುವನ್ನು ಬರೆದಾದ ಮೇಲೆ ಏನನ್ನೂ ಕದಲಿಸದೆ ಸ್ಲೈಡ್ ತೆಗೆದು ಅದರ ಜಾಗದಲ್ಲಿ ಸ್ಟೇಜ್ ಮೈಕ್ರೋಮೀಟರ್ ಇಡಬೇಕು. ಒಂದು ಮಿಲಿಮೀಟರನ್ನು 100 ಭಾಗ ಮಾಡಿ ಗೀಚಿದ ಗಾಜು ಅದು. ಅದರ ಹತ್ತು ಮನೆ, ಅಂದರೆ 100 ಮೈಕ್ರೋಮೀಟರ್, ಕಾಗದದ ಮೇಲೆ 60 ಮಿಲಿಮೀಟರ್ ಬಂದರೆ ಚಿತ್ರ 600 ಪಟ್ಟು. ಅದೇ ಗಾಜನ್ನು ಅಡ್ಡ ತಿರುಗಿಸಿ ಇನ್ನೊಮ್ಮೆ ಅಳೆಯಬೇಕು. ಎರಡು ಅಳತೆ ಕೂಡದಿದ್ದರೆ ಕನ್ನಡಿಯ ಕೋನ, ಕಾಗದದ ಓರೆ ತಪ್ಪಿದೆ ಎಂದರ್ಥ. ದುಂಡಗಿನ ಪರಾಗ ಮೊಟ್ಟೆಯಾಕಾರಕ್ಕೆ ಎಳೆದುಕೊಂಡಿರುತ್ತದೆ. ಚಿತ್ರದಡಿಯಲ್ಲಿ ಇಷ್ಟು ಪಟ್ಟು ಎಂದು ಬರೆದವರಲ್ಲಿ ಈ ಎರಡನೆಯ ಅಳತೆಯನ್ನು ಎಷ್ಟು ಮಂದಿ ತೆಗೆದುಕೊಂಡಿದ್ದಾರು? ಮೇಜಿನ ಮಟ್ಟದಲ್ಲಿ ಬರೆದದ್ದು ಎಂಬ ಷರಾ ಓದುವಾಗಲೆಲ್ಲ ನನಗೆ ಈ ಪ್ರಶ್ನೆ ಬರುತ್ತದೆ.

ಬರೆದದ್ದು ಎಂಬ ಮಾತು ಬಂತು. ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ, ಒಂದೇ ಕ್ರಿಯಾಪದ. ಅಕ್ಷರಾಭ್ಯಾಸಕ್ಕೆ ಕೂತ ಮಗು ಅಕ್ಕಿಯಲ್ಲೋ ಮರಳಲ್ಲೋ ಹಿರಿಯರು ಎಳೆದ ಗೆರೆಯ ಮೇಲೆ ಬೆರಳಾಡಿಸಿ ತಿದ್ದುತ್ತದೆ. ಕ್ಯಾಮೆರಾ ಲೂಸಿಡಾ ಮಾಡಿಸುವುದು ಈ ತಿದ್ದುವ ಕೆಲಸವನ್ನೇ, ಅದು ನಕಲು, ಚಿತ್ರವಲ್ಲ ಎಂದು ಆಕ್ಷೇಪಿಸುವವರಿದ್ದಾರೆ. 2001ರಲ್ಲಿ ಚಿತ್ರಕಾರ ಡೇವಿಡ್ ಹಾಕ್ನಿ, ಆಂಗ್ರ್‌ನಂಥ ದೊಡ್ಡ ಕಲಾವಿದರೂ ಇದನ್ನು ಬಳಸಿದ್ದರೆಂದು ವಾದಿಸಿದಾಗ ಕಲಾಲೋಕದಲ್ಲಿ ಎದ್ದ ಗದ್ದಲದ ಒಳಗಿದ್ದದ್ದೂ ಈ ಆಕ್ಷೇಪವೇ. ಕಲೆಯ ಮಾತು ಏನೇ ಇರಲಿ, ಮೈಕ್ರೋಸ್ಕೋಪಿನ ಮಟ್ಟಿಗೆ ಈ ಆಕ್ಷೇಪ ನಿಲ್ಲುವುದಿಲ್ಲ. ಅಲ್ಲಿ ತಿದ್ದಲು ಸಿದ್ಧ ಗೆರೆಯೇ ಇರುವುದಿಲ್ಲ.

ದಾಸವಾಳದ ಪರಾಗವನ್ನು ತೆಗೆದುಕೊಳ್ಳಿ. ಅಡ್ಡಳತೆ 100 ಮೈಕ್ರೋಮೀಟರಿಗೂ ಹೆಚ್ಚು, ಮೈತುಂಬ ಮುಳ್ಳು. ಹೆಚ್ಚು ಶಕ್ತಿಯ ಲೆನ್ಸಿಗೆ ಒಂದು ಸಲಕ್ಕೆ ಸ್ಪಷ್ಟವಾಗಿ ಕಾಣುವ ಆಳ ತೀರ ಕಡಿಮೆ. ಎಣ್ಣೆ ಹಾಕಿ ನೋಡುವ 100 ಪಟ್ಟಿನ ಲೆನ್ಸಿನಲ್ಲಿ ಸುಮಾರು ಅರ್ಧ ಮೈಕ್ರೋಮೀಟರ್. ಮೇಲಿನ ಮುಳ್ಳುಗಳು ಚೂಪಾಗಿ ಕಂಡಾಗ ಅಂಚಿನವು ಮಂಜು, ಅಂಚಿಗೆ ಇಳಿದರೆ ಮೇಲಿನವು ಮಂಜು. ಬರೆಯುವವನ ಬಲಗೈಯಲ್ಲಿ ಪೆನ್ಸಿಲ್, ಎಡಗೈ ಸೂಕ್ಷ್ಮ ತಿರುಪಿನ ಮೇಲೆ. ಒಂದು ಮುಳ್ಳಿನ ಬುಡ ಬರೆದು, ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ತುದಿ ಬರೆಯುತ್ತಾನೆ. ಹೀಗೆ ಹಲವು ಹತ್ತು ಪದರಗಳ ನೋಟ ಒಂದು ಹಾಳೆಯ ಮೇಲೆ ಒಂದಾಗುತ್ತದೆ. ಯಾವ ಒಂದು ಕ್ಷಣದಲ್ಲೂ ಯಾರ ಕಣ್ಣಿಗೂ ಬೀಳದ, ಆದರೂ ಆ ಪರಾಗಕ್ಕೆ ನಿಷ್ಠವಾದ ಆಕಾರ ಅದು. ಕಳೆದ ಶತಮಾನದ ಫೋಟೋ ಇದನ್ನು ಮಾಡಲಾರದೆ ಹೋಯಿತು. ಫೋಟೋ ಬಂದು ಅಷ್ಟು ಕಾಲವಾದರೂ ಕ್ಯಾಮೆರಾ ಲೂಸಿಡಾ ಬೀರು ಸೇರದೆ ಉಳಿದದ್ದು ಈ ಕಾರಣಕ್ಕೆ.

ಹಲವು ಆಳಗಳನ್ನು ಒಂದೇ ಹಾಳೆಗೆ ತರುವ ಕೈಯ ಈ ಶಕ್ತಿಗೆ ಅತ್ಯಂತ ಎತ್ತರದ ಸಾಕ್ಷಿ ಸ್ಪೇನಿನ ಸಾಂಟಿಯಾಗೊ ರಾಮೋನ್ ಇ ಕಾಹಲ್. 1873ರಲ್ಲಿ ಇಟಲಿಯ ಕಾಮಿಲ್ಲೊ ಗಾಲ್ಜಿ ಒಂದು ಬಣ್ಣಹಾಕುವ ವಿಧಾನ ಕಂಡುಹಿಡಿದಿದ್ದ. ಮಿದುಳಿನ ತುಣುಕನ್ನು ಪೊಟ್ಯಾಶಿಯಂ ಡೈಕ್ರೋಮೇಟ್, ಆಮೇಲೆ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದಿದರೆ ಅಸಂಖ್ಯ ನರಕೋಶಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ, ಬೇರು-ಕೊಂಬೆ ಸಮೇತ, ಕಪ್ಪಾಗಿ ಎದ್ದು ಬರುತ್ತವೆ. 1887ರಲ್ಲಿ ಮ್ಯಾಡ್ರಿಡ್‌ನಲ್ಲಿ ಅಂಥ ಸ್ಲೈಡುಗಳನ್ನು ಮೊದಲ ಬಾರಿ ಕಂಡ ಕಾಹಲ್ ಅದಕ್ಕೇ ತನ್ನ ಬದುಕನ್ನು ಒಪ್ಪಿಸಿದ. ಕೊಂಬೆಗಳನ್ನು ಹಿಂಬಾಲಿಸಬೇಕಾದರೆ ಸೀಳು ದಪ್ಪವಿರಬೇಕು. ದಪ್ಪ ಸೀಳಿನಲ್ಲಿ ಒಂದೇ ಕೋಶದ ಕೊಂಬೆಗಳು ಹತ್ತಾರು ಆಳಗಳಲ್ಲಿ ಹರಡಿರುತ್ತವೆ. ಫೋಟೋದಲ್ಲಿ ಅವು ತುಂಡು ತುಂಡು ಮಸಿ. ಕಾಹಲ್‌ಗೆ ಫೋಟೋ ಗೊತ್ತಿರಲಿಲ್ಲವೆಂದಲ್ಲ. ಬಣ್ಣದ ಛಾಯಾಗ್ರಹಣದ ಬಗ್ಗೆ 1912ರಲ್ಲಿ ಪುಸ್ತಕ ಬರೆದ ಮನುಷ್ಯ ಅವನು. ಆದರೂ ಮಿದುಳನ್ನು ಕೈಯಿಂದಲೇ ಬರೆದ. ಅವನ ಚಿತ್ರಗಳ ಸಂಖ್ಯೆ ಸುಮಾರು 3000. ಕ್ಯಾಮೆರಾ ಲೂಸಿಡಾ ಕೈಗೆಟುಕುವಂತಿದ್ದರೂ ಅವುಗಳಲ್ಲಿ ಹೆಚ್ಚಿನವನ್ನು ಬರಿಗೈ, ನೆನಪು, ಅನುಭವಗಳ ಬಲದಿಂದ, ಹಲವು ಸೀಳುಗಳಲ್ಲಿ ಕಂಡದ್ದನ್ನು ಒಂದೇ ಹಾಳೆಗೆ ಕೂಡಿಸಿ ಬರೆದ. ಚಿಕ್ಕಂದಿನಲ್ಲಿ ಚಿತ್ರಕಾರನಾಗಬೇಕೆಂದಿದ್ದ ಕೈ ಅದು.

ಇಲ್ಲಿ ಒಂದು ಕಷ್ಟದ ಪ್ರಶ್ನೆ ಎದುರಾಗುತ್ತದೆ. ಗಾಲ್ಜಿಯೂ ಅದೇ ಬಣ್ಣ ಹಾಕಿದ, ಅಂಥದೇ ಮೈಕ್ರೋಸ್ಕೋಪಿನಲ್ಲಿ ನೋಡಿದ. ಅವನಿಗೆ ಕಂಡದ್ದು ಎಲ್ಲ ಕೋಶಗಳೂ ಒಂದಕ್ಕೊಂದು ಬೆಸೆದುಕೊಂಡ ಬಲೆ. ಕಾಹಲ್‌ಗೆ ಕಂಡದ್ದು ಬಿಡಿಬಿಡಿಯಾದ, ಮುಟ್ಟಿಯೂ ಸೇರದ ಕೋಶಗಳು. 1906ರ ನೊಬೆಲ್ ಇಬ್ಬರಿಗೂ ಹಂಚಿಹೋಯಿತು. ಗಾಲ್ಜಿ ಪ್ರಶಸ್ತಿ ಭಾಷಣದಲ್ಲೂ ತನ್ನ ಬಲೆಯನ್ನು ಬಿಟ್ಟುಕೊಡಲಿಲ್ಲ. ಗೆರೆಯ ಸ್ಥಾನವನ್ನು ಎಷ್ಟು ಕರಾರುವಾಕ್ಕಾಗಿ ಹಿಡಿದರೂ, ಆ ಗೆರೆ ಇಲ್ಲಿ ನಿಲ್ಲುತ್ತದೆಯೋ ಮುಂದಿನದಕ್ಕೆ ಸೇರುತ್ತದೆಯೋ ಎಂಬುದನ್ನು ಪಟ್ಟಕ ಹೇಳುವುದಿಲ್ಲ. ಎಲ್ಲಿ ಎಂಬ ಪ್ರಶ್ನೆಗೆ ಅದು ಉತ್ತರಿಸುತ್ತದೆ. ಏನು ಎಂಬ ಪ್ರಶ್ನೆ ಬಂದಾಗ ಸುಮ್ಮನಿರುತ್ತದೆ.

ಈ ಮೌನವನ್ನು ಮರೆತದ್ದಕ್ಕೆ ವಿಜ್ಞಾನ ತೆತ್ತ ಬೆಲೆಗೆ ಒಂದು ಅಂಕಿಯೇ ಸಾಕು: 48. ಮನುಷ್ಯನ ಜೀವಕೋಶದಲ್ಲಿ ಎಷ್ಟು ವರ್ಣತಂತುಗಳಿವೆ ಎಂದು ಟೆಕ್ಸಾಸಿನ ಥಿಯೊಫಿಲಸ್ ಪೇಂಟರ್ 1920ರ ದಶಕದ ಆರಂಭದಲ್ಲಿ ಎಣಿಸಲು ಕುಳಿತ. ವೃಷಣದ ಅಂಗಾಂಶವನ್ನು ಸೀಳಿ, ಕೋಶಗಳೊಳಗೆ ಒತ್ತೊತ್ತಾಗಿ ಬಿದ್ದಿದ್ದ ವರ್ಣತಂತುಗಳನ್ನು ಕ್ಯಾಮೆರಾ ಲೂಸಿಡಾದಿಂದ ಒಂದೊಂದಾಗಿ ಬರೆದ. ಮೊದಲ ವರದಿಯಲ್ಲಿ ಅವನಿಗೇ ಅನುಮಾನವಿತ್ತು. ಅತ್ಯಂತ ಸ್ಪಷ್ಟ ಕೋಶಗಳಲ್ಲಿ 46 ಕಂಡಿದ್ದವು, ಬೇರೆಡೆ 48 ಅನಿಸಿತ್ತು. 1923ರಲ್ಲಿ 48 ಎಂದು ನಿಶ್ಚಯಿಸಿದ. ಒಂದರ ಮೇಲೊಂದು ಹಾದುಹೋದ ಎರಡು ಕಡ್ಡಿಗಳನ್ನು ಎರಡು ಎನ್ನಬೇಕೋ, ಬಾಗಿದ ಒಂದನ್ನು ಮುರಿದ ಎರಡು ಎನ್ನಬೇಕೋ ಎಂದು ತೀರ್ಮಾನಿಸುವುದು ಪೆನ್ಸಿಲ್ ಹಿಡಿದವನು. ತೀರ್ಮಾನವಾದ ಮೇಲೆ ಮಸಿಯ ಗೆರೆ ಅಷ್ಟೇ ಕಪ್ಪು, ಅಷ್ಟೇ ಗಟ್ಟಿ. ಅನುಮಾನ ಹಾಳೆಯ ಮೇಲೆ ಉಳಿಯುವುದಿಲ್ಲ. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಟಿಯೊ ಮತ್ತು ಆಲ್ಬರ್ಟ್ ಲೆವಾನ್ 1956ರಲ್ಲಿ ಸರಿಯಾದ 46ನ್ನು ಪ್ರಕಟಿಸುವವರೆಗೆ, 33 ವರ್ಷ, ಪುಸ್ತಕಗಳಲ್ಲಿ 48 ನಿಂತಿತ್ತು. ನಂತರ ಬಂದ ಹಲವರು ತಾವೂ ಎಣಿಸಿ 48 ಎಂದೇ ಕಂಡರು, ಹಿಂದಿನವರ ರೆಕಾರ್ಡ್ ಪಕ್ಕದಲ್ಲಿಟ್ಟುಕೊಂಡ ನಮ್ಮ ಹಾಗೆ.

ಪೇಂಟರ್‌ನ ತಪ್ಪಿಗೆ ಉಪಕರಣವೊಂದೇ ಕಾರಣವಲ್ಲ, ಇದನ್ನು ಒತ್ತಿ ಹೇಳಬೇಕು. ಕೋಶವನ್ನು ನೀರುಂಡು ಉಬ್ಬುವಂತೆ ಮಾಡಿ, ವರ್ಣತಂತುಗಳನ್ನು ಹರಡಿಸಿ, ಸ್ಲೈಡಿನ ಮೇಲೆ ಚಪ್ಪಟೆಯಾಗಿ ಒತ್ತುವ ವಿದ್ಯೆ ಅವನ ಕಾಲದಲ್ಲಿ ಇರಲಿಲ್ಲ. ಲುಂಡ್‌ನವರು ಗೆದ್ದದ್ದು ಮುಖ್ಯವಾಗಿ ಅದರಿಂದ. ಆದರೆ ಅವರು ಪ್ರಕಟಿಸಿದ್ದು ಫೋಟೋ. ಓದಿದವರು ಅದರ ಮೇಲೆ ಬೆರಳಿಟ್ಟು ತಾವೇ ಎಣಿಸಬಹುದಿತ್ತು. ಚಿತ್ರದಲ್ಲಿ ಎಣಿಸಿದರೆ ಸಿಗುವುದು ಬರೆದವನು ಮೊದಲೇ ಎಣಿಸಿದ ಸಂಖ್ಯೆ. ಪ್ರಮಾಣಪತ್ರ ಸಲ್ಲದ ಜಾಗ ಇದು, ಸಂಖ್ಯೆ ಮತ್ತು ಜೋಡಣೆಯ ವಿಚಾರ. ಅಲ್ಲಿ ಫೋಟೋಗೆ ಶರಣಾಗಲೇಬೇಕು ಎಂದು ನಾನು ಯಾವ ಹಿಂಜರಿಕೆಯೂ ಇಲ್ಲದೆ ಒಪ್ಪುತ್ತೇನೆ.

ತಿಳಿದೂ ತಪ್ಪು ಬರೆಯುವವರ ಮಾತು ಬೇರೆ. ಅಬ್ಬೆ ಇದ್ದ ಯೇನಾ ಊರಿನಲ್ಲೇ ಎರ್ನ್ಸ್ಟ್ ಹೆಕೆಲ್ ಇದ್ದ. ಕಡಲಿನ ಸೂಕ್ಷ್ಮಜೀವಿಗಳನ್ನು ಅವನಷ್ಟು ಸೊಗಸಾಗಿ ಬರೆದವರು ವಿರಳ. ಅವನೇ 1868ರ ಒಂದು ಪುಸ್ತಕದಲ್ಲಿ ನಾಯಿ, ಕೋಳಿ, ಆಮೆಗಳ ಭ್ರೂಣಗಳೆಂದು ಒಂದೇ ಮರದಚ್ಚನ್ನು ಮೂರು ಸಲ ಒತ್ತಿಸಿ, ನೋಡಿ ಎಷ್ಟು ಒಂದೇ ಥರ ಇವೆ ಎಂದು ತೋರಿಸಿದ. ಇದಕ್ಕೆ ಯಾವ ಪಟ್ಟಕವೂ ಮದ್ದಲ್ಲ.

ಹಾಗಾದರೆ ಪ್ರಮಾಣಪತ್ರ ಸಲ್ಲುವುದೆಲ್ಲಿ? ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಕಡೆ ನೋಡೋಣ. ಅಲ್ಲಿ ಸಿ.ಎ. ವಿರಕ್ತಮಠ ಅವರು ಜಿಗಿಹುಳುಗಳ ವರ್ಗೀಕರಣದಲ್ಲಿ ದಶಕಗಳ ಕಾಲ ದುಡಿದಿದ್ದಾರೆ. ಮಾವಿನ ಹೂಗೊಂಚಲಿನಿಂದ ರಸ ಹೀರಿ ಫಸಲು ಕೆಡಿಸುವ ಹುಳುಗಳೂ ಇದೇ ಗುಂಪಿನವು. ಬರಿಗಣ್ಣಿಗೆ ಒಂದೇ ಥರ ಕಾಣುವ ಎರಡು ಜಾತಿಗಳನ್ನು ಬೇರ್ಪಡಿಸುವ ಗುರುತು ಗಂಡಿನ ಜನನಾಂಗದ ಆಕಾರದಲ್ಲಿದೆ. ಹೊಟ್ಟೆಯ ತುದಿಯನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿಟ್ಟು ಮಾಂಸಖಂಡ ಕರಗಿಸಿ, ಉಳಿದ ಚಿಪ್ಪನ್ನು ಗ್ಲಿಸರಿನ್ ಹನಿಯಲ್ಲಿ ಇಟ್ಟು, ಸೂಜಿಯಿಂದ ಮಗುಚಿ ಪಕ್ಕದ ನೋಟ ಒಂದು, ಹಿಂದಿನ ನೋಟ ಒಂದು ಬರೆಯುತ್ತಾರೆ. ಗಾಜಿನಂತೆ ಪಾರದರ್ಶಕವಾದ ಆ ಚಿಪ್ಪಿನ ಫೋಟೋದಲ್ಲಿ ಮುಂದಿನದು ಹಿಂದಿನದು ಎಲ್ಲ ಕಲಸಿಹೋಗುತ್ತದೆ. ಚಿತ್ರದಲ್ಲಿ ಕೊಕ್ಕೆ ಎಲ್ಲಿ ಬಾಗಿದೆ, ಮುಳ್ಳು ಯಾವ ಬದಿಗೆ ಚಾಚಿದೆ ಎಂಬುದಷ್ಟೇ ಉಳಿಯುತ್ತದೆ. ಆಮೇಲೆ ಟ್ರೇಸಿಂಗ್ ಕಾಗದದ ಮೇಲೆ ಸಣ್ಣ ಮೊನೆಯ ಪೆನ್ನಿನಿಂದ ಕರಿಮಸಿ ಹಾಕಿ, ಉಬ್ಬುತಗ್ಗಿಗೆ ಚುಕ್ಕಿ ಇಡುತ್ತಾರೆ. ಈ ಚುಕ್ಕಿಗಳು ಉಪಕರಣದಿಂದ ಬಂದವಲ್ಲ, ಅವು ಪೂರ್ತಿ ಕೈಯ ಕೆಲಸ. ಇನ್ನೊಂದು ದೇಶದ ವಿಜ್ಞಾನಿ ತನ್ನ ಊರಿನ ಹುಳುವನ್ನು ಈ ಚಿತ್ರದ ಪಕ್ಕದಲ್ಲಿಟ್ಟು ಹೌದು ಅಥವಾ ಅಲ್ಲ ಎನ್ನಬಲ್ಲ. ಆಕಾರ, ಪ್ರಮಾಣ, ಕೋನ: ಈ ಮೂರರಲ್ಲಿ ಕ್ಯಾಮೆರಾ ಲೂಸಿಡಾಗೆ ನನ್ನ ಪೂರ್ಣ ಅಂಕಗಳು.

ಈ ವರ್ಗೀಕರಣದವರು ಪಾಲಿಸುವ ಒಂದು ರೂಢಿಯನ್ನು ಉಳಿದ ಜೀವವಿಜ್ಞಾನವೂ ಬೇಗ ಕಲಿಯಬೇಕಿತ್ತು. ಮೇಲಿನ ಪದರದಡಿಯಲ್ಲಿ ಅಡಗಿದ ಅಥವಾ ಅಸ್ಪಷ್ಟವಾದ ಭಾಗವನ್ನು ಅವರು ಕಡಿದ ಗೆರೆಯಲ್ಲಿ ಬರೆಯುತ್ತಾರೆ. ಇದು ಇದೆ ಎಂದು ನನಗೆ ತೋರುತ್ತದೆ, ಪೂರ್ತಿ ಕಂಡಿಲ್ಲ ಎಂದು ಒಪ್ಪಿಕೊಳ್ಳುವ ಗೆರೆ ಅದು. ಪೇಂಟರ್‌ನ ಚಿತ್ರದಲ್ಲಿ ಅಂಥ ನಾಲ್ಕು ಗೆರೆಗಳು ಇದ್ದಿದ್ದರೆ!

ಈಗ ಬೇರೆ ಬೇರೆ ಆಳಗಳಲ್ಲಿ ತೆಗೆದ ಹತ್ತಾರು ಫೋಟೋಗಳನ್ನು ಕಂಪ್ಯೂಟರ್ ಒಂದಾಗಿ ಹೊಲಿದುಕೊಡುತ್ತದೆ. ದಾಸವಾಳದ ಪರಾಗದ ಮುಳ್ಳುಗಳೆಲ್ಲ ಒಂದೇ ಚಿತ್ರದಲ್ಲಿ ಚೂಪಾಗಿ ಕಾಣುತ್ತವೆ, ಅದೂ ನಾನು ಅರ್ಧ ದಿನ ಹಿಡಿದು ಬರೆದದ್ದಕ್ಕಿಂತ ಚೆನ್ನಾಗಿ. ಆ ಮಟ್ಟಿಗೆ ನನ್ನ ವಾದದ ಒಂದು ಕಾಲು ಕುಸಿದಿದೆ. ಆದರೆ ಆ ಯಂತ್ರ ಚೂಪಾಗಿದ್ದುದನ್ನೆಲ್ಲ ಆರಿಸುತ್ತದೆ, ಧೂಳಿನ ಕಣವನ್ನೂ ಸೇರಿಸಿ. ಯಾವುದು ಅಂಗ, ಯಾವುದು ಕೊಳೆ ಎಂದು ಅರಿತು ಬಿಡುವ ಕೆಲಸ ಇನ್ನೂ ಮನುಷ್ಯನದೇ. ಎಷ್ಟೋ ವರ್ಗೀಕರಣಕಾರರು ಅಂಥ ಫೋಟೋವನ್ನು ಪರದೆಯ ಮೇಲಿಟ್ಟು, ಅದರ ಮೇಲೆ ಎಲೆಕ್ಟ್ರಾನಿಕ್ ಪೆನ್ನಿನಿಂದ ಗೆರೆ ಎಳೆಯುತ್ತಾರೆ. ಹೊಗೆಗಾಜು ಹೋಗಿದೆ, ಕತ್ತುನೋವು ಹೋಗಿದೆ, ಕೆಲಸ ಅದೇ. ಇದರಲ್ಲಿ ನನಗೆ ತಕರಾರಿಲ್ಲ.

ನನ್ನ ತಕರಾರು ಇರುವುದು ನಮ್ಮ ಕಾಲೇಜುಗಳ ಬಗ್ಗೆ. ಅಲ್ಲಿ ಕ್ಯಾಮೆರಾ ಲೂಸಿಡಾ ಪಠ್ಯದಲ್ಲಿದೆ. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೇಜಿನ ಮೇಲಿಟ್ಟು ಹೆಸರು ಬರೆಯಿರಿ, ಉಪಯೋಗ ಬರೆಯಿರಿ ಎನ್ನುತ್ತಾರೆ. ವಿದ್ಯಾರ್ಥಿಗಳು ಅದರ ಚಿತ್ರವನ್ನೂ ಹಿಂದಿನವರ ರೆಕಾರ್ಡಿನಿಂದ ಇಳಿಸುತ್ತಾರೆ. ನೋಡಿ ಬರೆಯುವುದನ್ನು ಕಲಿಸುವ ಉಪಕರಣವನ್ನೇ ನೋಡದೆ ಬರೆಯುವ ಸ್ಥಿತಿ ನನ್ನನ್ನು ನಿಜವಾಗಿ ನೋಯಿಸುತ್ತದೆ. ಡ್ರಾಯಿಂಗ್ ಟ್ಯೂಬ್ ಕೊಳ್ಳಲು ಹಣವಿಲ್ಲ ಎಂಬುದು ಸರಿ. ಬೀರುವಿನಲ್ಲಿರುವ ಹಿತ್ತಾಳೆಯ ಬಳೆಯನ್ನು ಒರೆಸಿ ಕೂರಿಸಲು ಹಣ ಬೇಕಿಲ್ಲ. ಬೆಳ್ಳಿ ಕಪ್ಪಾಗಿದ್ದರೂ ಕಲಿಕೆಗೆ ಸಾಕಾಗುವಷ್ಟು ಕಾಣುತ್ತದೆ. ಕಲಿಸಲು ನಾನು ಡ್ರಾಯಿಂಗ್ ಟ್ಯೂಬಿಗಿಂತ ಇದನ್ನೇ ಇಷ್ಟಪಡುತ್ತೇನೆ. ಬೆಳಕನ್ನು ತಾವೇ ಹೊಂದಿಸಿ, ಬಿಂಬ ಕಳೆದುಕೊಂಡು, ಮತ್ತೆ ಹುಡುಕಿದವರಿಗೆ ತಾವು ನೋಡುತ್ತಿರುವುದು ಎಷ್ಟು ನಾಜೂಕಿನದು ಎಂಬುದು ಕೈಗೇ ಗೊತ್ತಾಗುತ್ತದೆ.

ಕಳೆದ ಸಲ ನನ್ನ ಬಳಿ ಪ್ರಾಜೆಕ್ಟಿಗೆ ಬಂದ ವಿದ್ಯಾರ್ಥಿನಿಗೆ ಅದೇ ಸೂರ್ಯಕಾಂತಿ ಕಾಂಡವನ್ನು ಕೊಟ್ಟೆ. ಎರಡು ಮಧ್ಯಾಹ್ನ ಕುಳಿತಳು. "ಸರ್, ಇದು ಟೆಕ್ಸ್ಟ್ ಬುಕ್ಕಿನಲ್ಲಿದ್ದ ಹಾಗೆ ಬರ್ತಾ ಇಲ್ಲ" ಎಂದು ಒಮ್ಮೆ ಬಂದು ಹೇಳಿ ಹೋದಳು. ಮೂರನೆಯ ದಿನ ತಂದ ಹಾಳೆಯಲ್ಲಿ ಬಂಡಲ್‌ಗಳು ದೊಡ್ಡವು, ಚಿಕ್ಕವು, ವಾಲಿದವು, ಎಲ್ಲ ಇದ್ದವು. ಕೆಳಗಡೆ ಬಲಕ್ಕೆ ಒಂದನ್ನು ಮಾತ್ರ ಕಡಿದ ಗೆರೆಯಲ್ಲಿ ಬರೆದು, ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣಗೆ ಗುರುತು ಹಾಕಿದ್ದಳು: ಇಲ್ಲಿ ಸೀಳು ಹರಿದಿದೆ, ಅರ್ಧ ಮಾತ್ರ ಕಾಣುತ್ತದೆ.